ನಾನು ಗುರುತಿಸಿದ ಹದ್ದು

ಹೋದ ತಿಂಗಳು ಮೈಸೂರಿನಲ್ಲಿ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಅವಳ ತಮ್ಮ ಒಳಗಿನಿಂದ ಒಂದು ಸ್ಟೀಲ್ ತಟ್ಟೆ ತಂದು ನನ್ನ ಮುಂದೆ ಇಟ್ಟ. ಅದರಲ್ಲಿ ಅಂಗೈಯಗಲದ ಜೇನುಹುಟ್ಟು. ಆ ಬೆಳಿಗ್ಗೆಯಷ್ಟೇ ಮರದಿಂದ ಇಳಿಸಿದ್ದಂತೆ. ಒಂದು ಬದಿಯಲ್ಲಿ ಜೇನುತುಪ್ಪ, ಇನ್ನೊಂದು ಬದಿಯ ಆರು ಮೂಲೆಯ ಕಣ್ಣುಗಳಲ್ಲಿ ಬಿಳಿ ಮರಿಹುಳ. "ತಿನ್ನಿ ಅಕ್ಕ, ಇಂಥದ್ದು ಅಂಗಡೀಲಿ ಸಿಗಲ್ಲ" ಅಂದ. ತಟ್ಟೆ ಹತ್ತಿರ ಬಂದದ್ದೇ ತಡ, ಬೆಚ್ಚಗಿನ ಮೇಣದ ಆ ಹುಳಿ ವಾಸನೆಗೆ ಮುಖ ತಿರುಗಿಸಿಕೊಂಡೆ. ನಾನು ದನದ ಡಾಕ್ಟರು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ, ಅದೇ ಕೈ ತೊಳೆದುಕೊಂಡು ಉಪ್ಪಿಟ್ಟು ತಿಂದವಳು. ವಾಸನೆಗೆ ಹೆದರುವವಳಲ್ಲ. ಆದರೂ ಎದ್ದು ಹಿತ್ತಲಿಗೆ ಹೋದೆ. ಗೆಳತಿ ಹಿಂದೆಯೇ ಬಂದು "ಅಸಿಡಿಟಿ ಇರಬೇಕು ಕಣೇ" ಅಂದಳು. ಹೌದು ಅಂದೆ. ಅಸಿಡಿಟಿಯಲ್ಲ, ನಾಚಿಕೆ. ಆ ಬೇಸಿಗೆಯದು.

ಆಗ ನಾನು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಒಂದು ಊರಿನ ಪಶು ಚಿಕಿತ್ಸಾಲಯದಲ್ಲಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಯಾರಾದರೂ ಓದಿಬಿಡುತ್ತಾರೆ ಎಂಬ ಭಯ ಇನ್ನೂ ಹೋಗಿಲ್ಲ. ಹದಿನಾರು ಎಂಬ ಊರಿನ ಕೆರೆಗೆ ಸ್ಕೂಟರಿನಲ್ಲಿ ಹೋಗಿಬರುವಷ್ಟು ದೂರ ಎಂದರೆ ಸಾಕು. ಆ ಹುದ್ದೆಯನ್ನು ನಾನು ಬೇಡಿ ಪಡೆದದ್ದೇ ಆ ಕೆರೆಗಾಗಿ. ಚಳಿಗಾಲದಲ್ಲಿ ಎಲ್ಲರೂ ಅಲ್ಲಿಗೆ ಬಾತುಗಳನ್ನು ನೋಡಲು ಬರುತ್ತಾರೆ. ನಾನು ಹೋಗುತ್ತಿದ್ದದ್ದು ಆ ಬಾತುಗಳನ್ನು ಹೆದರಿಸುವ ಹಕ್ಕಿಗಳನ್ನು ನೋಡಲು. ಜೊಂಡಿನ ಮೇಲೆ ತೇಲಿಬರುವ ಸೆಳೆವಗಳು, ಕರೆಂಟು ಕಂಬದ ಮೇಲೆ ಕೂತ ಚಾಣ, ಎತ್ತರದಲ್ಲಿ ಒಂದು ಚುಕ್ಕಿಯಾಗಿ ಸುತ್ತುವ ಗಿಡುಗಗಳು. ಹಾರುವ ಹದ್ದಿನ ರೆಕ್ಕೆಯ ತುದಿ, ಬಾಲದ ಪಟ್ಟಿ, ತೇಲುವ ವರಸೆ ನೋಡಿ ಇದು ಇಂಥದೇ ಎಂದು ಹೇಳುವುದು ಸುಲಭದ ಮಾತಲ್ಲ. ನನಗೆ ಅದು ಬರುತ್ತಿತ್ತು. ಬರುತ್ತದೆ ಎಂಬ ಸೊಕ್ಕೂ ಇತ್ತು.

ಸೊಕ್ಕು ಎಷ್ಟಿತ್ತೆಂದರೆ, ಒಮ್ಮೆ ನಂಜನಗೂಡಿನಲ್ಲಿ ಕಪಿಲೆಯ ಮೆಟ್ಟಿಲ ಮೇಲೆ ವಯಸ್ಸಾದ ಹೆಂಗಸೊಬ್ಬರು ಒದ್ದೆ ಸೀರೆಯಲ್ಲೇ ಆಕಾಶ ನೋಡಿ ಗಲ್ಲ ಗಲ್ಲ ಬಡಿದುಕೊಂಡು "ಗರುಡಪ್ಪ, ಕಾಪಾಡಪ್ಪ" ಎಂದು ಕೈಮುಗಿಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, "ಅದು ಗರುಡ ಅಲ್ಲಮ್ಮ, ಬರೀ ಕರಿಹದ್ದು. ಬಾಲ ಕವಲಾಗಿದೆ ನೋಡಿ" ಅಂದೆ. ಆಕೆ ಮುಗಿದ ಕೈಯನ್ನು ಹಾಗೇ ಇಳಿಸಿ ನನ್ನ ಮುಖ ನೋಡಿದರು. ಆಗ ಅದು ನನಗೆ ತಮಾಷೆಯಾಗಿ ಕಂಡಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬರೆದು ನಗಿಸಿದೆ. ಗುಂಪಿನಲ್ಲಿ ಇರುವವರೆಲ್ಲ ಹದ್ದು ಗಿಡುಗಗಳ ಹುಚ್ಚಿನವರು. ಯಾರಾದರೂ ಮಸುಕು ಫೋಟೊ ಹಾಕಿ ಇದು ಯಾವುದು ಎಂದು ಕೇಳಿದರೆ ಉಳಿದವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನೂ ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸುತ್ತಿದ್ದೆ.

ಊರಿನಲ್ಲಿ ಮಾತ್ರ ನನ್ನ ಮಾತಿಗೆ ಅಷ್ಟು ಬೆಲೆ ಇರಲಿಲ್ಲ. ನಾನು ಬಂದ ಹೊಸದರಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದರೆ ಜನ ಹಸುಗಳನ್ನು ತೋಟಕ್ಕೆ ಹೊಡೆದು ಬಾಗಿಲು ಹಾಕಿಕೊಂಡಿದ್ದರು. ಸೂಜಿ ಚುಚ್ಚಿದರೆ ಹಾಲು ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ ಎಂಬ ಮಾತು. ಆ ದಿನ ಇಡೀ ಊರಿನಲ್ಲಿ ತಮ್ಮ ನಾಲ್ಕು ಹಸುಗಳನ್ನು ಹಿಡಿದು ತಂದು ನಿಲ್ಲಿಸಿದವರು ಶಿವಬಸಪ್ಪನವರೊಬ್ಬರೇ. ಅರವತ್ತು ದಾಟಿದವರು. ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ಟವೆಲು. ತೆಂಗಿನ ತೋಟದ ಬದುವಿನಲ್ಲಿ ನಾಲ್ಕೈದು ಜೇನು ಪೆಟ್ಟಿಗೆ ಇಟ್ಟುಕೊಂಡಿದ್ದರು. ಸಂಕ್ರಾಂತಿ ಆದ ಮೇಲೆ ಅವರ ಒಂದು ಹಸುವಿಗೆ ಕರು ಅಡ್ಡ ತಿರುಗಿ ಕಷ್ಟವಾದಾಗ ಮೂರು ಗಂಟೆ ಒದ್ದಾಡಿ ಎರಡನ್ನೂ ಉಳಿಸಿದೆ. ಅಲ್ಲಿಂದ ಊರು ನಿಧಾನಕ್ಕೆ ನನ್ನ ಕಡೆ ತಿರುಗಿತು. ಲಸಿಕೆಯ ಮುಂದಿನ ಸುತ್ತು ಮೇ ತಿಂಗಳಲ್ಲಿ ಎಂದಾಗ ಶಿವಬಸಪ್ಪನವರೇ ಮನೆಮನೆಗೆ ಹೋಗಿ ಹೇಳುತ್ತಾ ಬಂದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವರದೇ ಬದುವಿನ ದೊಡ್ಡ ಹಿಪ್ಪೆಮರಕ್ಕೆ ಒಂದು ಹಕ್ಕಿ ಹಸಿರು ಎಲೆಯ ಕೊಂಬೆ ಕಚ್ಚಿಕೊಂಡು ಬಂದಿಳಿಯುವುದನ್ನು ಕಂಡೆ. ದೊಡ್ಡ ಹಕ್ಕಿ. ಬಾಲದಲ್ಲಿ ಅಗಲ ಪಟ್ಟಿಗಳು. ಗಾಳಿ ಬೀಸಿದಾಗ ತಲೆಯ ಹಿಂದೆ ಒಂದು ಜುಟ್ಟು ಎದ್ದು ಕೂತಿತು. ಜುಟ್ಟುಗಿಡುಗ! ಅದು ಬಂಡೀಪುರದ ಕಡೆಯ ಕಾಡಿನ ಹಕ್ಕಿ. ಮೊಲ, ನವಿಲುಮರಿ, ಕೋಳಿಯನ್ನು ಎತ್ತಿಕೊಂಡು ಹೋಗುವ ಗಟ್ಟಿ ಬೇಟೆಗಾರ. ಅದು ಈ ಬಯಲಿನಲ್ಲಿ ಗೂಡು ಕಟ್ಟಿದೆ ಎಂದು ನಮ್ಮ ಗುಂಪಿನಲ್ಲಿ ಯಾರೂ ಹೇಳಿರಲಿಲ್ಲ. ಐದು ಫೋಟೊ ತೆಗೆದೆ. ನಾಲ್ಕನ್ನು ಅಲ್ಲೇ ನಿಂತು ಗುಂಪಿಗೆ ಕಳಿಸಿದೆ. ಸಂಜೆಯವರೆಗೂ ಚಪ್ಪಾಳೆಯ ಚಿತ್ರಗಳು ಬರುತ್ತಲೇ ಇದ್ದವು.

ಒಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತಿ. ನರಸೀಪುರದ ನಿವೃತ್ತ ಮೇಷ್ಟ್ರು, ಸಂಗಮದ ಹತ್ತಿರ ಮನೆ, ನನಗೆ ಮೊದಲು ಹದ್ದುಗಳನ್ನು ತೋರಿಸಿಕೊಟ್ಟವರೇ ಅವರು. ಗುಂಪಿನಲ್ಲಿ ಬರೆಯದೆ ನನಗೊಬ್ಬಳಿಗೇ ಬರೆದಿದ್ದರು: "ತಲೆ ಚಿಕ್ಕದಾಗಿ ಕಾಣುತ್ತಿದೆ ಅಮ್ಮ. ಕಾಲು ಕಾಣುವ ಫೋಟೊ ಇದೆಯಾ?" ಅವರು ಕೇಳುತ್ತಿದ್ದದ್ದು ಏನೆಂದು ನನಗೆ ತಕ್ಷಣ ಗೊತ್ತಾಯಿತು. ಜುಟ್ಟುಗಿಡುಗದ ಕಾಲಿಗೆ ಬೆರಳಿನ ಬುಡದವರೆಗೂ ಗರಿಯಿರುತ್ತದೆ. ಅದನ್ನೇ ಹೋಲುವ ಇನ್ನೊಂದಿದೆ, ಜೇನುಗಿಡುಗ. ಬಣ್ಣ, ಪಟ್ಟಿ, ಕೆಲವಕ್ಕೆ ಸಣ್ಣ ಜುಟ್ಟು ಕೂಡ ಅದರದೇ ತರಹ. ಆದರೆ ತಲೆ ಪಾರಿವಾಳದ್ದು, ಕಾಲು ಬೋಳು. ಜೇನು, ಕಡಜಗಳ ಗೂಡು ಕಿತ್ತು ಒಳಗಿನ ಮರಿಹುಳ ತಿಂದು ಬದುಕುವ ಸಾಧು ಪ್ರಾಣಿ.

ಕಳಿಸದೆ ಉಳಿದ ಐದನೇ ಫೋಟೊವನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಕೊಂಬೆಯ ಮೇಲೆ ಎರಡು ಹಳದಿ ಕಾಲು. ಗರಿ ಇರಲಿಲ್ಲ. ಬಿಸಿಲು ಬಿದ್ದು ಹಾಗೆ ಕಾಣುತ್ತಿರಬೇಕು ಅಂದುಕೊಂಡೆ. ನನಗೆ ನಾನೇ ಹಾಗೆ ಹೇಳಿಕೊಳ್ಳುತ್ತಿದ್ದೇನೆ ಎಂದು ಒಳಗೆ ಗೊತ್ತಿತ್ತು. ಮೇಷ್ಟ್ರಿಗೆ "ಕಾಲು ಸಿಕ್ಕಿಲ್ಲ ಸರ್, ಎಲೆ ಅಡ್ಡ ಇತ್ತು" ಎಂದು ಉತ್ತರಿಸಿದೆ. ಅವರು "ಸರಿ ಅಮ್ಮ" ಅಂದರು. ಆಮೇಲೆ ಐದನೆಯದನ್ನು ಅಳಿಸಿಹಾಕಿದೆ.

ಅಷ್ಟಕ್ಕೇ ನಿಂತಿದ್ದರೆ ಇದು ಒಂದು ಸುಳ್ಳಾಗಿ ಫೋನಿನಲ್ಲೇ ಉಳಿಯುತ್ತಿತ್ತು. ಆದರೆ ಮೇ ತಿಂಗಳಲ್ಲಿ, ಕೃತ್ತಿಕೆ ಮಳೆ ಒಂದೆರಡು ಹದ ಬಿದ್ದ ಹೊತ್ತಿಗೆ, ಜಯಮ್ಮನ ಕೋಳಿಮರಿಗಳು ಒಂದೊಂದೇ ಕಾಣೆಯಾಗತೊಡಗಿದವು. ಜಯಮ್ಮ ಶಿವಬಸಪ್ಪನವರ ಪಕ್ಕದ ಹೊಲದ ಗೌಡರ ಮನೆಯಾಕೆ. ನಾಟಿಕೋಳಿ ಸಾಕಿ ಮೂರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಗಟ್ಟಿಗಿತ್ತಿ. ಬಾಯಿಯೂ ಅಷ್ಟೇ ಗಟ್ಟಿ. ಹಿಪ್ಪೆಮರದ ಮೇಲೆ ಗೂಡು ಕಂಡವಳೇ ಅದನ್ನು ಕೆಡವಬೇಕೆಂದು ನಿಂತಳು. ಮರ ಶಿವಬಸಪ್ಪನವರದು. ಅವರು ಕೆಡವಬೇಡಿ ಎಂದರು. ಮಾತಿಗೆ ಮಾತು ಬೆಳೆದು, ಒಂದು ಬೆಳಿಗ್ಗೆ ಇಬ್ಬರೂ ಚಿಕಿತ್ಸಾಲಯದ ಮುಂದೆ ಬಂದು ನಿಂತರು. ಹಸು ಹಿಡಿದುಕೊಂಡು ಬಂದಿದ್ದ ಹತ್ತು ಹದಿನೈದು ಜನ ಸುತ್ತ ಸೇರಿದರು.

"ಡಾಕ್ಟ್ರಮ್ಮ, ನೀವು ಅಕ್ಕಿಪಕ್ಕಿ ಎಲ್ಲಾ ಓದ್ಕಂಡಿರೋರು. ಆ ಮರದ ಮೇಲ್ ಕುಂತದಲ್ಲ, ಅದು ಯಾವ ಅದ್ದು ಯೋಳಿ ಮತ್ತೆ" ಎಂದಳು ಜಯಮ್ಮ. "ಒಂದಲ್ಲ ಎರಡಲ್ಲ, ಒಂಬತ್ತು ಕೋಳಿಮರಿ ಓದೋ ನಂದು!"

"ಅದು ಜೇನುಹದ್ದು ಕಣ್ ಜಯಮ್ಮ" ಎಂದರು ಶಿವಬಸಪ್ಪ, ದನಿ ಎತ್ತದೆ. "ನಾನು ನೋಡ್ತಾನೇ ಇವ್ನಿ. ಕಡಜದ ಗೂಡು ಕೆದಕ್ತದೆ, ನನ್ನ ಪೆಟ್ಗೆ ತಾವೂ ಬತ್ತದೆ. ಕೋಳಿ ಕಡೆ ತಿರುಗಿ ನೋಡಕ್ಕಿಲ್ಲ. ತಲೆ ನೋಡಿ ಡಾಕ್ಟ್ರಮ್ಮ ನೀವೇ, ಪಾರಿವಾಳದ ತಲೆ ಹಂಗೇ ಅದೆ."

ಪಾರಿವಾಳದ ತಲೆ. ಪುಸ್ತಕದಲ್ಲಿ ಬರೆದಿರುವುದೂ ಅದೇ. ಒಂದು ಪುಸ್ತಕವನ್ನೂ ಓದದೆ, ದುರ್ಬೀನು ಇಲ್ಲದೆ, ಬದುವಿನ ಮೇಲೆ ಕೂತು ನೋಡಿಯೇ ಅವರು ಹೇಳಿದ್ದು. ಆಗ ನಾನು ಹೌದು ಅನ್ನಬಹುದಿತ್ತು. ಇನ್ನೊಮ್ಮೆ ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ಗುಂಪಿನ ಚಪ್ಪಾಳೆ ನೆನಪಾಯಿತು. ಸುತ್ತ ನಿಂತ ಜನ ನನ್ನ ಬಾಯಿ ನೋಡುತ್ತಿದ್ದರು. ಫೋನು ತೆಗೆದು ನಾಲ್ಕು ಫೋಟೊ ತೋರಿಸಿದೆ. "ಜುಟ್ಟು ನೋಡಿ, ಬಾಲ ನೋಡಿ. ಇದು ಜುಟ್ಟುಗಿಡುಗ. ಕೋಳಿಮರಿ ಏನು, ದೊಡ್ಡ ಹುಂಜಾನೇ ಹೊತ್ತುಕೊಂಡು ಹೋಗುತ್ತೆ" ಎಂದೆ. ಸಾಲದ್ದಕ್ಕೆ ಶಿವಬಸಪ್ಪನವರ ಕಡೆ ತಿರುಗಿ ನಗುತ್ತಾ, "ಯಜಮಾನ್ರೆ, ಜೇನು ನೀವು ನೋಡ್ಕೊಳ್ಳಿ, ಹದ್ದು ನಾನು ನೋಡ್ಕೋತೀನಿ" ಎಂದೂ ಸೇರಿಸಿದೆ. ಜನ ಗೊಳ್ಳೆಂದು ನಕ್ಕರು.

ಶಿವಬಸಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನನ್ನು ಒಮ್ಮೆ, ಸುತ್ತಲ ಜನರನ್ನು ಒಮ್ಮೆ ನೋಡಿದರು. ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. "ಡಾಕ್ಟ್ರಮ್ಮ ಹೇಳಿದ್ ಮೇಲೆ ಮುಗೀತು. ಏನ್ ಮಾಡ್ಕೊತೀರೋ ಮಾಡ್ಕೊಳಿ ಕಣಮ್ಮ ಜಯಮ್ಮ" ಎಂದು ಹೊರಟುಹೋದರು. ಗೂಡು ಕೆಡವುವುದು ಕಾನೂನಿಗೆ ವಿರುದ್ಧ ಎಂದು ನಾನು ಹೇಳಬೇಕಿತ್ತು. ಯಾವ ಹದ್ದಾದರೂ ಅಷ್ಟೇ. ಹೇಳಲಿಲ್ಲ. ನಾನೇನೂ ಕೆಡವಿ ಎನ್ನಲಿಲ್ಲವಲ್ಲ, ಯಾವ ಹಕ್ಕಿ ಎಂದು ಕೇಳಿದರು, ಹೇಳಿದೆ, ಎಂದು ಆಮೇಲೆ ಬಹಳ ದಿನ ನನಗೆ ನಾನೇ ವಾದಿಸಿದ್ದೇನೆ.

ಮಾರನೆಯ ದಿನ ಹತ್ತು ಗಂಟೆ ಹೊತ್ತಿಗೆ ಶಿವಬಸಪ್ಪನವರ ಮೊಪೆಡ್ ಚಿಕಿತ್ಸಾಲಯದ ಮುಂದೆ ನಿಂತಿತು. ಮುಂದಿನ ಬುಟ್ಟಿಯಲ್ಲಿ ಟವೆಲಿನ ಗಂಟು. ಜಯಮ್ಮನ ಗಂಡ ಎಳನೀರು ಕೀಳುವವನನ್ನು ಹತ್ತಿಸಿ ಕೊಂಬೆ ಸಮೇತ ಗೂಡು ಇಳಿಸಿದ್ದ. ಟವೆಲು ಬಿಚ್ಚಿದರು. ಬಿಳಿ ತುಪ್ಪಟದ ನಡುವೆ ಅಲ್ಲಲ್ಲಿ ಕಂದು ಗರಿ ಒಡೆಯುತ್ತಿದ್ದ ಒಂದು ಮರಿ, ಎಡಗಾಲು ಮುರಿದು ಜೋತಾಡುತ್ತಿತ್ತು. ಮರಿಯ ಜೊತೆ ಗೂಡಿನ ಒಂದಷ್ಟು ಕಸವೂ ಬಂದಿತ್ತು. ಬಾಡಿದ ಹಸಿರೆಲೆ, ಮತ್ತೆ ಜೇನುಹುಟ್ಟಿನ ಚೂರುಗಳು. ಹತ್ತಿಪ್ಪತ್ತು ಚೂರು. ಕಣ್ಣುಗಳೆಲ್ಲ ಖಾಲಿ, ಬೆಚ್ಚಗೆ, ಹುಳಿ ವಾಸನೆ. ಒಂದೇ ಒಂದು ಕೋಳಿಪುಕ್ಕ ಇರಲಿಲ್ಲ.

"ಬದುಕ್ತದಾ ನೋಡಿ ಡಾಕ್ಟ್ರಮ್ಮ" ಎಂದರು. ನಾನು ಆ ಚೂರುಗಳನ್ನು ನೋಡಿದೆ, ಅವರು ನಾನು ನೋಡುವುದನ್ನು ನೋಡಿದರು. ಆ ಕ್ಷಣದಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಡಬೇಕಾಗಿದ್ದವಳು ನಾನು. "ಹತ್ತಿ ಕೊಡಿ" ಎಂದು ಕಾಂಪೌಂಡರಿಗೆ ಹೇಳಿ ಕಾಲಿಗೆ ಪಟ್ಟಿ ಕಟ್ಟಲು ಕೂತೆ.

ಮರಿ ಮೂರು ದಿನ ಬದುಕಿತ್ತು. ಔಷಧಿ ಬಂದ ರಟ್ಟಿನ ಡಬ್ಬಿಯಲ್ಲಿ ಗೋಣಿಚೀಲ ಹಾಸಿ ಇಟ್ಟಿದ್ದೆ. ಮೊದಲ ದಿನ ಕೋಳಿಯ ಈಲಿ, ಅಂದರೆ ಲಿವರ್, ಕತ್ತರಿಸಿ ಕೊಟ್ಟೆ. ಹೌದು, ಕೋಳಿಯ ಈಲಿ! ಆಗಲೂ ಅದು ಜುಟ್ಟುಗಿಡುಗವೇ ಆಗಿರಲಿ ಎಂದು ನನ್ನೊಳಗಿನ ಯಾವುದೋ ಮೂಲೆ ಆಸೆಪಡುತ್ತಿತ್ತು. ಮರಿ ಮೂಸಲಿಲ್ಲ. ಸಂಜೆ ಶಿವಬಸಪ್ಪ ತಮ್ಮ ಪೆಟ್ಟಿಗೆಯಿಂದ ಮರಿಹುಳ ತುಂಬಿದ ಹುಟ್ಟಿನ ಒಂದು ತುಂಡು ಕುಯ್ದು ಬಾಳೆಲೆಯಲ್ಲಿ ಸುತ್ತಿ ತಂದರು. ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುಂದೆ ಹಿಡಿದರು. ಮರಿ ಕತ್ತು ಚಾಚಿ, ಸಣ್ಣ ಕೊಕ್ಕಿನಿಂದ ಒಂದೊಂದೇ ಕಣ್ಣಿನೊಳಗಿಂದ ಹುಳವನ್ನು ಹೆಕ್ಕಿ ತಿನ್ನತೊಡಗಿತು. ಎಷ್ಟು ನಾಜೂಕು ಎಂದರೆ ಮೇಣ ಹರಿಯುತ್ತಿರಲಿಲ್ಲ. "ನೋಡಿ, ತಿಂತು" ಎಂದರು ಅವರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಮರಿ ತಿಂದಿತಲ್ಲ ಎಂಬ ಸಂತೋಷ ಮಾತ್ರ. ಹೀಗೆ ಮೂರು ದಿನ ಹೊತ್ತು ಹೊತ್ತಿಗೆ ತಂದರು. ಪೆಟ್ಟಿಗೆಯಲ್ಲಿ ಮರಿಹುಳ ಕುಯ್ದರೆ ಜೇನಿನ ಕುಟುಂಬವೇ ಬಡವಾಗುತ್ತದೆ ಎಂದು ನನಗೂ ಗೊತ್ತಿತ್ತು.

ಮರಿಯ ಹೊಟ್ಟೆಯೊಳಗೆ ಪೆಟ್ಟಾಗಿತ್ತು. ನಾನು ದನದ ಡಾಕ್ಟರು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಎರಡನೇ ದಿನವೇ ತಿಳಿದಿತ್ತು. ಮೈಸೂರಿಗೆ ಒಯ್ದಿದ್ದರೆ ಹಕ್ಕಿ ನೋಡುವ ಡಾಕ್ಟರುಗಳಿದ್ದರು. ಒಂದು ಗಂಟೆಯ ದಾರಿ. ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ. ನಾನು ಒಯ್ಯಲಿಲ್ಲ. ಅಲ್ಲಿ ಅದನ್ನು ನೋಡಿದ ಕೂಡಲೇ ಯಾವ ಮರಿ ಎಂದು ಗುರುತಿಸುವವರಿದ್ದರು. ನಮ್ಮ ಗುಂಪಿನವರೂ ಇಬ್ಬರಿದ್ದರು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಉಳಿದದ್ದೆಲ್ಲ ತಪ್ಪು ಎನ್ನಬಹುದು, ಇದೊಂದನ್ನು ತಪ್ಪು ಎಂದು ಕರೆದು ಹಗುರ ಮಾಡಲಾರೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಮರಿ ಗೋಣಿಯ ಮೇಲೆ ಅಡ್ಡಬಿದ್ದಿತ್ತು. ಶಿವಬಸಪ್ಪ ಅದನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಎಲ್ಲಿ ಹೂಳಿದರು ಎಂದು ನಾನು ಕೇಳಲಿಲ್ಲ.

ಅದಾದ ಸೋಮವಾರ ಲಸಿಕೆ. ಈ ಸಲ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಆರಕ್ಕೇ ಹಸು, ಎಮ್ಮೆ, ಎತ್ತು, ಕರು ಸಾಲಾಗಿ ನಿಂತಿದ್ದವು. "ಡಾಕ್ಟ್ರಮ್ಮ ಏನ್ ಯೋಳಿದ್ರೂ ಕರೆಕ್ಟಾಗಿರ್ತದೆ ಕಣ್ಲಾ" ಎಂದು ಯಾರೋ ಇನ್ಯಾರಿಗೋ ಹೇಳುವುದು ಕಿವಿಗೆ ಬಿತ್ತು. ಜಯಮ್ಮನ ಕೋಳಿಮರಿಗಳು ಮಾತ್ರ ಕಾಣೆಯಾಗುತ್ತಲೇ ಇದ್ದವು. ಬಣವೆಯ ಸಂದಿಯಲ್ಲಿ ಮುಂಗುಸಿ ಓಡಾಡುವುದನ್ನು ನಾನೇ ಎರಡು ಸಲ ಕಂಡೆ. ಜಯಮ್ಮ ಅದನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಗೂಡು ಹೋದ ಮೇಲೂ ಆ ಜೋಡಿ ಹದ್ದು ಹಿಪ್ಪೆಮರದ ಮೇಲೆ ಸುತ್ತುತ್ತಿದ್ದವು. ಅವು ಕಂಡರೆ ಸಾಕು, ಊರಿನ ಹೆಂಗಸರು ತಟ್ಟೆ ಬಡಿದು ಓಡಿಸುತ್ತಿದ್ದರು. ಒಂದಕ್ಕೆ ಕವಣೆ ಕಲ್ಲು ಬಿತ್ತೆಂದೂ ಕೇಳಿದೆ. ಕೋಳಿ ಕದಿಯುವ ಹದ್ದು ಎಂದು ಅವಕ್ಕೆ ಹೆಸರಾಗಿಹೋಗಿತ್ತು. ಆ ಹೆಸರನ್ನು ಇಟ್ಟವಳು ನಾನು.

ವರ್ಗಕ್ಕೆ ಅರ್ಜಿ ಹಾಕಿದೆ. ಮನೆಯ ಕಾರಣ ಎಂದು ಬರೆದೆ. ಆಷಾಢ ಕಳೆಯುವಷ್ಟರಲ್ಲಿ ಆದೇಶ ಬಂತು. ಹೊರಡುವ ದಿನ, ಈಗಲಾದರೂ ಹೇಳಿ ಹಗುರಾಗಬೇಕು ಎಂದು ಶಿವಬಸಪ್ಪನವರ ತೋಟಕ್ಕೆ ಹೋದೆ. ಜೇನುಪೆಟ್ಟಿಗೆಯ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಐದನೇ ಫೋಟೊ, ಮೇಷ್ಟ್ರಿಗೆ ಹೇಳಿದ ಸುಳ್ಳು, ಮೈಸೂರಿಗೆ ಒಯ್ಯದೇ ಹೋದದ್ದು. ಹೇಳುತ್ತಾ ಅತ್ತುಬಿಟ್ಟೆ.

ಅವರು ಕೈ ಒರೆಸಿಕೊಂಡರು. "ನಂಗೊತ್ತಿತ್ತು ಕಣವ್ವ. ನಿಮ್ಗೂ ಗೊತ್ತಿತ್ತು ಅನ್ನೋದೂ ಗೊತ್ತಿತ್ತು. ಅವತ್ತು ಅದು ಯಾವ ಹದ್ದು ಅಂತ ಹೇಳೋವಾಗ ನನ್ನ ಮುಖ ನೋಡ್ನಿಲ್ಲ ನೀವು."

"ಮತ್ತೆ ಯಾಕೆ ಸುಮ್ಮನಾದಿರಿ ಯಜಮಾನ್ರೆ? ಮರ ನಿಮ್ಮದಲ್ಲವಾ?"

"ಸೋಮವಾರ ಲಸಿಕೆ ಇತ್ತಲ್ಲ" ಎಂದರು. "ಅಷ್ಟ್ ಜನದ ಮುಂದೆ ಡಾಕ್ಟ್ರಮ್ಮಂಗೆ ಹದ್ದೇ ಗೊತ್ತಿಲ್ಲ ಅಂತ ಆಗೋಗಿದ್ರೆ, ಸೂಜಿ ನಂಬ್ಕೊಂಡು ಯಾರವ್ವ ಹಸ ಹಿಡ್ಕೊಂಡ್ ಬತ್ತಿದ್ರು? ಒಂದ್ ಸಲ ಆ ಜ್ವರ ಬಂದು ನಮ್ಮಪ್ಪನ ಕೊಟ್ಗೇನೇ ಖಾಲಿ ಆಗಿತ್ತು. ಅದಕ್ಕೇಯ ಸುಮ್ಕಾದೆ. ಹೋದ್ರೆ ಒಂದ್ ಗೂಡು ತಾನೆ ಅಂದ್ಕಂಡೆ. ಮರಿ ಇರ್ತದೆ ಅಂತ ನಂಗೂ ಗೊತ್ತಿರ್ನಿಲ್ಲ."

ನಾನು ಕಣ್ಣೊರೆಸಿಕೊಂಡೆ. ಎದೆಯ ಭಾರ ಇಳಿಯುತ್ತಿದೆ ಎಂದು ನಿಜವಾಗಿಯೂ ಅನ್ನಿಸಿತು. ಆಗ ಅವರು ಕೇಳಿದರು: "ಜಯಮ್ಮಂಗೆ ಹೇಳಿದ್ರಾ?"

"ಇಲ್ಲ."

"ನಂಗೆ ಹೇಳಿ ಏನ್ ಬಂತು ತಾಯಿ? ನಂಗೆ ಮೊದ್ಲೇ ಗೊತ್ತಿತ್ತಲ್ಲ. ಆ ಎರಡು ಹಕ್ಕಿ ಇನ್ನೂ ಇಲ್ಲೇ ಅವೆ. ಬರೋ ವರ್ಷ ಮತ್ತೆ ಗೂಡ್ ಕಟ್ತವೆ." ಸಿಟ್ಟಿನಿಂದ ಹೇಳಿದ್ದಲ್ಲ. ಇಷ್ಟು ಹೇಳಿ ಮತ್ತೆ ನೀರಿನ ಬಟ್ಟಲಿಗೆ ಬಗ್ಗಿದರು.

ಹೋಗಿ ಹೇಳುತ್ತೇನೆ ಎಂದು ಅವರಿಗೆ ಮಾತು ಕೊಟ್ಟು ಸ್ಕೂಟರು ಹತ್ತಿದೆ. ಜಯಮ್ಮ ಅಂಗಳದಲ್ಲೇ ಇದ್ದಳು. ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದವಳು ನನ್ನನ್ನು ಕಂಡು ಮೊರ ಕೆಳಗಿಟ್ಟು ಬೇಲಿಯವರೆಗೆ ಓಡಿಬಂದಳು. "ಓಯ್ತಾ ಇದ್ದೀರಂತೆ! ಬನ್ನಿ, ಕಾಪಿ ಕುಡ್ಕಂಡ್ ಓಗೋರಂತೆ" ಎಂದಳು. ಎಂಜಿನ್ ಆರಿಸಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, "ಜಯಮ್ಮ, ಆ ಹದ್ದು..." ಎಂದು ಶುರುಮಾಡಿದೆ.

"ಅಯ್ಯೋ, ಅದ್ನ ಮರೀತೀನಾ!" ಎಂದು ಅವಳು ನನ್ನ ಮಾತನ್ನು ಅಲ್ಲೇ ಕತ್ತರಿಸಿದಳು. "ನೀವು ತೋರ್ಸಿಕೊಡ್ದೆ ಓಗಿದ್ರೆ ನಂಗೆ ಎಂಗ್ ಗೊತ್ತಾಯ್ತಿತ್ತು? ಇರಿ, ಬಂದೆ." ಒಳಗೆ ಹೋದವಳು ಒಂದು ಚಿಕ್ಕ ಬುಟ್ಟಿ ಹಿಡಿದು ಬಂದಳು. ಹೊಟ್ಟಿನ ನಡುವೆ ಜೋಡಿಸಿಟ್ಟ ನಾಟಿಮೊಟ್ಟೆ. "ನಿಮಗೆ ಅಂತಾನೇ ಎತ್ತಿಟ್ಟಿದ್ದೆ. ಬ್ಯಾಡ ಅನ್ನಂಗಿಲ್ಲ" ಎಂದು ಸ್ಕೂಟರಿನ ಮುಂದೆ ನನ್ನ ಕಾಲ ಬಳಿ ಇಟ್ಟಳು.

ಬೇಡ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ತೆಗೆದುಕೊಂಡೆ.